ಕಲ್ಲು ತಿಳಿಯದ ಅಳಿಯನ ದಿಲ್ಲಿ ಖರೀದಿ

ಪರವೂರಿಗೆ ಹೋಗಿ ಬಂದವನ ಕೈಚೀಲ ಅವನೊಬ್ಬನದಲ್ಲ, ಇಡೀ ಓಣಿಯದು ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ನೀವು ಹೋದ ಊರಿನಲ್ಲಿ ಏನು ನೋಡಿದಿರಿ, ಊಟ ಒಗ್ಗಿತೇ, ಮೈ ನೆಟ್ಟಗಿತ್ತೇ ಎಂದು ಒಬ್ಬರೂ ಕೇಳುವುದಿಲ್ಲ. "ಏನ್ ತಂದ್ರಿ?" ಎನ್ನುತ್ತಾರೆ. ಹಾಗೆ ಕೇಳುವಾಗ ಅವರ ಕಣ್ಣು ನಿಮ್ಮ ಮುಖದ ಮೇಲಿರುವುದಿಲ್ಲ, ಚೀಲದ ಮೇಲಿರುತ್ತದೆ. ಚೀಲ ತೆಳ್ಳಗಿದ್ದರೆ ನೀವು ಊರಿಗೆ ಹೋಗಿದ್ದೇ ಸುಳ್ಳಿರಬೇಕು ಎನ್ನುವ ಹಾಗೆ ನೋಡುತ್ತಾರೆ. ಈ ಪದ್ಧತಿಯನ್ನು ನಾನು ಮೊದಲಿನಿಂದ ಖಂಡಿಸುತ್ತ ಬಂದವನು. ಖಂಡಿಸುತ್ತಲೇ, ಪಕ್ಕದ ಮನೆಯವರು ಶ್ರೀಶೈಲದಿಂದ ಬಂದಿಳಿದಾಗ ಕಾಂಪೌಂಡಿನ ಮೇಲಿಂದ ಬಗ್ಗಿ "ಏನ್ ತಂದ್ರಿ?" ಎಂದು ಕೇಳಿದವನೂ ನಾನೇ. ಆ ಮಾತು ಬೇರೆ. ಇವತ್ತು ನಾನು ಸಿಟ್ಟಿನಲ್ಲಿದ್ದೇನೆ, ಸಿಟ್ಟಿನಲ್ಲಿರುವವನಿಗೆ ಅವನ ಹಳೆಯ ತಪ್ಪುಗಳನ್ನು ನೆನಪಿಸುವುದು ಸಭ್ಯರ ಲಕ್ಷಣವಲ್ಲ.

ನನ್ನ ಸಂಸಾರ ಇರುವುದು ವಾಡಿಯಲ್ಲಿ, ಹೊಟ್ಟೆಪಾಡು ರೈಲ್ವೆಯ ಗುಮಾಸ್ತಿಕೆ. ವಾಡಿ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲ ಎಂದರೆ ನೀವು ಗಾಡಿಯಲ್ಲಿ ಮಲಗಿಕೊಂಡೇ ನಮ್ಮ ಊರನ್ನು ದಾಟಿದ್ದೀರಿ ಎಂದು ಅರ್ಥ. ನಮ್ಮ ಕಡೆಯವರಿಗೆ ರಾಜಧಾನಿಗಳು ಮೂರು. ಕಾಗದಪತ್ರದ ಕೆಲಸ ಬಿದ್ದರೆ ಬೆಂಗಳೂರು. ಮದುವೆ ಸೀರೆಗೆ, ದೊಡ್ಡ ಡಾಕ್ಟರಿಗೆ ಹೈದರಾಬಾದು. ಸೇಡಂನಲ್ಲಿ ಬಸ್ಸು ಹತ್ತಿ ಒಂದು ನಿದ್ದೆ ತೆಗೆದರೆ ಅಲ್ಲಿರುತ್ತೀರಿ. ಮೂರನೆಯದು ದಿಲ್ಲಿ. ದಿಲ್ಲಿಯಲ್ಲಿ ನಮಗೆ ಯಾವ ಕೆಲಸವೂ ಇರುವುದಿಲ್ಲ, ಅದಕ್ಕೇ ಅಲ್ಲಿಗೆ ಹೋಗಿ ಬಂದವನಿಗೆ ಮರ್ಯಾದೆ ಹೆಚ್ಚು. ಸಾಲದ್ದಕ್ಕೆ ದಿಲ್ಲಿಯ ಗಾಡಿ ನಮ್ಮ ಪ್ಲಾಟ್‌ಫಾರ್ಮಿಗೇ ಬಂದು ನಿಲ್ಲುತ್ತದೆ. ಹಾಗಾಗಿ ದಿಲ್ಲಿ ಎಂದರೆ ಶಹಾಬಾದ್ ಆದಮೇಲೆ ನಾಲ್ಕು ಸ್ಟೇಷನ್ ಆಚೆಗಿನ ಊರು ಎಂದು ನಮ್ಮ ಓಣಿಯವರು ತಿಳಿದಿದ್ದಾರೆ.

ನಾನು ಆಫೀಸಿನಲ್ಲಿ ದಿಲ್ಲಿಗೆ ರೈಲ್ವೆ ಪಾಸು ಬರೆಸಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ಮಧ್ಯಾಹ್ನ ಊಟಕ್ಕೆ ಮನೆಗೆ ಬರುವಷ್ಟರಲ್ಲಿ ಎದುರು ಮನೆಯ ಗುರುಬಾಯಿ ಬಾಗಿಲಲ್ಲಿ ನಿಂತಿದ್ದರು.

"ಅಣ್ಣಾ, ದಿಲ್ಲಿಗಿ ಹೊಂಟೀರಂತ. ನನಗೊಂದು ಸ್ವೆಟರ್ ತರ್ರಿ. ಅಲ್ಲಿ ಭಾಳ ಸಸ್ತಾ ಸಿಗ್ತಾವಂತ."

"ಅಕ್ಕಾ, ವಾಡ್ಯಾಗ ಸ್ವೆಟರ್ ಯಾವಾಗ ಹಾಕ್ಕೋತೀರಿ?"

"ಹಾಕ್ಕೊಳ್ಳಾಕ ಅಲ್ರಿ. ಮನ್ಯಾಗ ಇರ್ಲಿ ಅಂತ."

ವಾಡಿಯ ಬಿಸಿಲು ಎಂಥದು ಎಂದು ಅದನ್ನು ತಿಂದವರಿಗೇ ಗೊತ್ತು. ನಮ್ಮಲ್ಲಿ ಚಳಿ ಎಂದರೆ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುವ ಹದಿನೈದು ದಿನ. ಅಂಥ ಊರಿನಲ್ಲಿ ಕೂತು, ಹಾಕಿಕೊಳ್ಳದ ಸ್ವೆಟರನ್ನು ದಿಲ್ಲಿಯಿಂದ ಹೊತ್ತು ತರಲು ಹೇಳುವ ಧೈರ್ಯಕ್ಕೆ ನನ್ನ ಮೈ ಉರಿದುಹೋಯಿತು. ಉರಿದರೂ "ಆಗಲಿ" ಎಂದೆ. ನನ್ನ ಸಿಟ್ಟಿನ ದೊಡ್ಡ ದೋಷವೇ ಅದು. ಒಳಗೆ ಎಷ್ಟು ಕುದಿದರೂ ಬಾಯಿಗೆ ಬರುವಾಗ ತಣ್ಣಗಾಗಿ "ಆಗಲಿ" ಎಂದು ಬರುತ್ತದೆ.

ನನ್ನ ಹೆಂಡತಿ ಸುವರ್ಣಾ ಇದನ್ನೆಲ್ಲ ಕೇಳಿಸಿಕೊಂಡು, ತಾಟಿಗೆ ಎರಡನೆಯ ರೊಟ್ಟಿ ಹಾಕುತ್ತ ಹೇಳಿದಳು: "ಊರ ಮಂದಿಗೆಲ್ಲಾ ತರೋದು ಬ್ಯಾಡ್ರಿ. ನಮ್ಮಪ್ಪಗ ಒಂದು ಏನರ ಚೊಲೋದು ತರ್ರಿ, ಸಾಕು. ಹದಿನಾಕು ವರ್ಷದಾಗ ನೀವು ಅವರಿಗಿ ಕೊಟ್ಟಿದ್ದು ಬರೇ ಬೂಂದಿ ಲಾಡು."

ಇಲ್ಲಿ ನನ್ನ ಮಾವನವರ ವಿಷಯ ಹೇಳಲೇಬೇಕು. ಅವರು ಶಹಾಬಾದಿನ ಮಗ್ಗುಲಿಗಿರುವ ಭಂಕೂರಿನವರು. ನಿಮ್ಮ ಮನೆಯ ನೆಲಕ್ಕೆ ಬೂದು ಬಣ್ಣದ ಶಹಾಬಾದಿ ಫರಸಿ ಕಲ್ಲು ಹಾಸಿದ್ದರೆ, ಅದರಲ್ಲಿ ಒಂದೆರಡಾದರೂ ಅವರ ಕೈ ಹಾಯ್ದು ಬಂದಿರಬಹುದು. ಹದಿನಾರನೆಯ ವಯಸ್ಸಿಗೆ ಖಣಿಗೆ ಇಳಿದು, ಆಮೇಲೆ ಪಾಲಿಶ್ ಮಷೀನಿಗೆ ಬಂದು, ಕೊನೆಗೆ ಕಲ್ಲು ಆರಿಸಿಕೊಡುವ ಹಿರಿಯನಾಗಿ ನಲವತ್ತು ವರ್ಷ ಕಳೆದವರು. ಮನುಷ್ಯರ ವಿಷಯದಲ್ಲಿ ಅವರಿಗೆ ಹೆಚ್ಚು ಆಸಕ್ತಿಯಿಲ್ಲ. ಯಾರನ್ನಾದರೂ ಹೊಗಳಬೇಕಾದರೆ ಅವರ ಬಾಯಿಂದ ಬರುವುದು ಒಂದೇ ಮಾತು: "ಅಂವಗ ಕಲ್ಲು ತಿಳೀತದ." ಡಾಕ್ಟರು, ವಕೀಲರು, ಶಾಸಕರು ಯಾರೇ ಬರಲಿ, ಈ ಸರ್ಟಿಫಿಕೇಟು ಸಿಗದಿದ್ದರೆ ಮಾವನ ಲೆಕ್ಕದಲ್ಲಿ ಅವರು ಇನ್ನೂ ಕಲಿಯುತ್ತಿರುವವರು.

ಹದಿನಾಲ್ಕು ವರ್ಷದ ಹಿಂದೆ ನಾನು ವಾಡಿಯಲ್ಲಿ ಮನೆ ಕಟ್ಟಿದೆ. ಫರಸಿಯನ್ನು ನಾನೇ ಆರಿಸುತ್ತೇನೆ ಎಂದು ಹಟ ಹಿಡಿದೆ. ಮಾವನ ಮನೆತುಂಬ ಕಲ್ಲು ತಿಳಿದವರನ್ನು ಇಟ್ಟುಕೊಂಡು ಯಾರನ್ನೂ ಕೇಳದೆ, ಮಿರಿಮಿರಿ ಮಿಂಚುವ ಒಂದು ಲಾರಿ ಕಲ್ಲು ಇಳಿಸಿಕೊಂಡೆ. ಮೊದಲ ಮಳೆಗಾಲ ಮುಗಿಯುವುದರೊಳಗೆ ಪಡಸಾಲೆಯ ಕಲ್ಲು ಹಪ್ಪಳದಂತೆ ಪದರು ಪದರಾಗಿ ಏಳತೊಡಗಿತು. ಮಾವ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದವರು ಕುರ್ಚಿಯ ಮೇಲೆ ಕೂರಲಿಲ್ಲ, ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಬೆರಳ ಗೆಣ್ಣಿನಿಂದ ಒಂದು ಕಲ್ಲನ್ನು ಬಡಿದರು. ಅದು ಬದ್ ಎಂದಿತು. ಇನ್ನೊಂದನ್ನು ಬಡಿದರು. ಅದೂ ಬದ್ ಎಂದಿತು. ಹೊರಡುವಾಗ ಮಗಳಿಗೆ ಹೇಳಿದರಂತೆ: "ಅಳಿಯಾ ಮನಷ್ಯಾ ಚೊಲೋ ಇದ್ದಾನ. ಕಲ್ಲೊಂದು ತಿಳಂಗಿಲ್ಲ ಅವಗ." ಕುಡಿಯುತ್ತಾನೆ, ಹೊಡೆಯುತ್ತಾನೆ ಎಂದಿದ್ದರೂ ನನಗೆ ಅಷ್ಟು ಅವಮಾನವಾಗುತ್ತಿರಲಿಲ್ಲ. ಅದನ್ನಾದರೆ ಬಿಡಬಹುದು. ಕಲ್ಲು ತಿಳಿಯದಿರುವುದನ್ನು ಬಿಡುವುದು ಹೇಗೆ?

ಆಮೇಲೆ ಮಾವನೇ ಕರುಣೆಯಿಂದ ಒಂದು ಭಾನುವಾರ ನನ್ನನ್ನು ಕಲ್ಲು ಒಟ್ಟುವ ಜಾಗಕ್ಕೆ ಕರೆದೊಯ್ದು ಪಾಠ ಹೇಳಿದರು. "ಮೊದಲ ಅಂಚು ನೋಡ್ರಿ ಅಳಿಯಂದ್ರ. ಆಮ್ಯಾಲ ಮ್ಯಾಲ ಕೈ ಆಡಿಸ್ರಿ. ಎಲ್ಲಾ ಆದಮ್ಯಾಲ ಕಡೀಕ ಬಡೀರಿ. ಗಟ್ಟಿ ಕಲ್ಲು ಖಣ್ ಅಂತದ, ಒಳಗ ಸೀಳು ಇತ್ತಂದ್ರ ಬದ್ ಅಂತದ. ಕಲ್ಲು ಸುಳ್ಳು ಹೇಳಂಗಿಲ್ಲ." ಆ ಬಿಸಿಲಿನಲ್ಲಿ ಅಂಚಿನ ಪಾಠ, ಕೈ ಆಡಿಸುವ ಪಾಠ ಎರಡೂ ನನ್ನ ತಲೆಯಿಂದ ಆರಿಹೋದವು. ಬಡಿಯುವುದೊಂದು ಉಳಿಯಿತು. ಅಂದಿನಿಂದ ನಾನು ಬಡಿಯದ ವಸ್ತುವಿಲ್ಲ. ಕಲ್ಲಂಗಡಿ, ಕೊಡಪಾನ, ಬಾಗಿಲು, ಸಂಬಂಧಿಕರ ಮನೆಯ ಗೋಡೆ. ಒಮ್ಮೆ ಆಫೀಸಿನಲ್ಲಿ ಹೊಸ ಸಾಹೇಬರ ಟೇಬಲ್ಲನ್ನು ಬಡಿದು, ಅವರು "ಒಳಗೆ ಬನ್ನಿ" ಎಂದು ಬಾಗಿಲ ಕಡೆ ನೋಡಿದ್ದೂ ಉಂಟು.

ಹೀಗಾಗಿ ಸುವರ್ಣಾ ಅಪ್ಪನ ಹೆಸರೆತ್ತಿದಾಗಲೇ ನಾನು ಮನಸ್ಸಿನಲ್ಲಿ ನಿಶ್ಚಯಿಸಿದೆ. ಮಾವನಿಗೆ ದಿಲ್ಲಿಯಿಂದ ಕಲ್ಲಿನ ವಸ್ತುವನ್ನೇ ತರಬೇಕು. ಅವರು ದಿನವೂ ಪೂಜೆಗೆ ಕೂರುವಾಗ ವಿಭೂತಿ ಗಟ್ಟಿಯನ್ನು ತುಕ್ಕು ಹಿಡಿದ ಒಂದು ತಗಡಿನ ಡಬ್ಬಿಯಿಂದ ತೆಗೆಯುತ್ತಾರೆ. ಅದರ ಬದಲಿಗೆ ಅಮೃತಶಿಲೆಯ, ಮುಚ್ಚಳವಿರುವ ಒಂದು ಚಿಕ್ಕ ಭರಣಿ. ಅವರು ಅದನ್ನು ಬಡಿಯಬೇಕು, ಅದು ಖಣ್ ಎನ್ನಬೇಕು, ಅವರು ನನ್ನ ಕಡೆ ತಿರುಗಿ ಆ ಒಂದು ಮಾತು ಹೇಳಬೇಕು. ಹದಿನಾಲ್ಕು ವರ್ಷದ ಬದ್ ಶಬ್ದ ಅಲ್ಲಿಗೆ ತೊಳೆದುಹೋಗುತ್ತದೆ.

ದಿಲ್ಲಿಗೆ ಹೋದೆವು. ನೋಡಬೇಕಾದ್ದನ್ನೆಲ್ಲ ಒಂದೂವರೆ ದಿನದಲ್ಲಿ ನೋಡಿ ಮುಗಿಸಿ, ಮರುದಿನ ಬೆಳಿಗ್ಗೆ ಬಜಾರಿಗೆ ಇಳಿದೆವು. ಒಂದು ದೇಶದ ರಾಜಧಾನಿ, ಅಲ್ಲಿ ನೆನಪಿಗೆಂದು ಮಾರುವುದು ಏನು? ಬೀಗದ ಕೈಗೆ ನೇತುಹಾಕುವ ತಗಡು. ಫ್ರಿಜ್ಜಿಗೆ ಅಂಟಿಸುವ ಬಿಲ್ಲೆ. ಪ್ರತಿ ಅಂಗಡಿಯಲ್ಲೂ ಪ್ಲಾಸ್ಟಿಕ್ಕಿನ ತಾಜಮಹಲು, ಒಳಗೆ ಕೆಂಪು ದೀಪ. "ತಾಜಮಹಲು ನಿಮ್ಮ ಊರಲ್ಲಿ ಇಲ್ಲವಲ್ಲ?" ಎಂದು ಒಬ್ಬನನ್ನು ಕೇಳಿದೆ. "ಬೇಕಾ, ಬೇಡವಾ?" ಎಂದು ಅವನು ಕೇಳಿದ. ಇನ್ನೊಬ್ಬ ಒಂದು ಶಾಲಿಗೆ ಹೇಳಿದ ಬೆಲೆಯನ್ನು, ನಾನು ಎರಡು ಹೆಜ್ಜೆ ಆಚೆ ಹೋಗುವುದರೊಳಗೆ ಅರ್ಧ ಮಾಡಿದ, ನಾಲ್ಕು ಹೆಜ್ಜೆಗೆ ಕಾಲು ಮಾಡಿದ. ಇನ್ನೂ ನಡೆದಿದ್ದರೆ ನನಗೇ ದುಡ್ಡು ಕೊಡುತ್ತಿದ್ದನೋ ಏನೋ. ಇದು ವ್ಯಾಪಾರವೇ? ಮೊದಲ ಬೆಲೆಗೆ ಕೊಂಡುಹೋದ ಮುಗ್ಧರ ಗತಿ ಏನು? ಆ ಮುಗ್ಧರಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಗುರುಬಾಯಿಯ ಸ್ವೆಟರ್ ಕೊಂಡ ನಾನೂ ಇದ್ದೆ, ಅದಕ್ಕೇ ಈ ಪ್ರಶ್ನೆ.

ಎಲ್ಲಕ್ಕಿಂತ ಹೆಚ್ಚು ಕೆರಳಿಸಿದ್ದು ಭಾಷೆಯ ವಿಷಯ. ನಾನು ಹುಟ್ಟಿದಾಗಿನಿಂದ ಬಜಾರಿನಲ್ಲಿ, ಪ್ಲಾಟ್‌ಫಾರ್ಮಿನಲ್ಲಿ, ಗೆಳೆಯರ ಮನೆಗಳಲ್ಲಿ ಉರ್ದು ಮಾತಾಡಿಕೊಂಡು ಬೆಳೆದವನು. ನನ್ನ ಹಿಂದಿ ಬಗ್ಗೆ ನನಗೆ ಅಭಿಮಾನ ಇದೆ. ದಿಲ್ಲಿಯಲ್ಲಿ ನಾನು ಬೇಡ ಎನ್ನಲು "ನಕ್ಕೋ" ಎಂದ ಕೂಡಲೇ ಅಂಗಡಿಯವರು ನಗುತ್ತಾರೆ. ಹೌದು ಎನ್ನಲು "ಹೌ" ಎಂದರೆ ಪಕ್ಕದ ಅಂಗಡಿಯವನನ್ನೂ ಕರೆದು ಕೇಳಿಸುತ್ತಾರೆ. "ಹೈದರಾಬಾದಿನವರಾ?" ಎನ್ನುತ್ತಾರೆ. ಅಲ್ಲ, ವಾಡಿ ಎಂದೆ. ಒಬ್ಬನ ಮುಖ ಅರಳಿತು. "ಗೊತ್ತು, ಗಾಡಿ ಅಲ್ಲಿ ಬಹಳ ಹೊತ್ತು ನಿಲ್ಲುತ್ತದೆ" ಎಂದ. ಒಂದು ಊರಿನ ಬಗ್ಗೆ ರಾಜಧಾನಿಗೆ ಇಷ್ಟೇ ಗೊತ್ತಿರುವುದಾದರೆ ಆ ರಾಜಧಾನಿ ಇದ್ದೇನು ಪ್ರಯೋಜನ ಎಂದು ಸುವರ್ಣಾಳನ್ನು ಕೇಳಿದೆ. ಅವಳು "ಕಾಲು ನೋಯಲಿಕತ್ತಾವ, ಲಗೂನ ನಡೀರಿ" ಎಂದಳು.

ಹೀಗೆ ಸಿಟ್ಟಿನಿಂದ ಕಾದ ಹಂಚಿನಂತಾಗಿದ್ದಾಗಲೇ ಓಣಿಯ ತುದಿಯಲ್ಲಿ ಆ ಅಂಗಡಿ ಸಿಕ್ಕಿದ್ದು. ಬಿಳಿ ಮೀಸೆಯ, ದಪ್ಪ ಕನ್ನಡಕದ ವಯಸ್ಸಾದ ಮನುಷ್ಯ. ಕೈಹಿಡಿದು ಎಳೆಯಲಿಲ್ಲ, ಕೂಗಲಿಲ್ಲ. "ಕೂತುಕೊಳ್ಳಿ" ಎಂದು ಸ್ಟೂಲು ಸರಿಸಿದ. ಅಲ್ಲಿಗೇ ನನಗೆ ಸಂಶಯ ಬಂತು. ಇಷ್ಟು ಮರ್ಯಾದೆ ಕೊಡುವವನು ಇತರರಿಗಿಂತ ದೊಡ್ಡ ಕಳ್ಳನೇ ಇರಬೇಕು. ನಾನು ಅಮೃತಶಿಲೆಯ ಭರಣಿ ಕೇಳಿದೆ. ಅವನು ಮೇಲಿನ ಹಲಗೆಯಿಂದ ಒಂದು ಬಿಳಿಯ ಚಿಕ್ಕ ಭರಣಿಯನ್ನು ಎರಡೂ ಕೈಯಿಂದ ಇಳಿಸಿ ಮುಂದಿಟ್ಟ. ಅದರ ಮೇಲೆ ಒಂದು ಹೂವಿಲ್ಲ, ಬಳ್ಳಿಯಿಲ್ಲ. ನಾನು ಗೆಣ್ಣಿನಿಂದ ಬಡಿದೆ. ಟಕ್ ಎಂದು ಮೊಂಡು ಶಬ್ದ ಬಂತು. ಖಣ್ ಎನ್ನಲಿಲ್ಲ.

"ಇದು ಒಳಗೆ ಸೀಳಿದೆ" ಎಂದೆ.

ಅವನು ಗಾಬರಿಯಾಗಿ ಭರಣಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ತನ್ನ ಮೊಬೈಲಿನ ಬ್ಯಾಟರಿ ದೀಪ ಹೊತ್ತಿಸಿ ಭರಣಿಯ ಒಳಗೆ ಹಿಡಿದ. ಇಡೀ ಭರಣಿ ಒಳಗಿನಿಂದ ಹಾಲಿನ ಬಣ್ಣಕ್ಕೆ ಬೆಳಗಿತು. "ನೋಡಿ, ಬೆಳಕು ಹೇಗೆ ಹಾಯುತ್ತದೆ. ಅಸಲಿ ಅಮೃತಶಿಲೆಯ ಗುರುತು ಇದೇ" ಎಂದ. ಸುವರ್ಣಾ ಬೆರಗಾಗಿ ನೋಡುತ್ತ ನಿಂತಳು. ನನಗೆ ಮಾತ್ರ ತಡೆಯಲಾಗಲಿಲ್ಲ. ನಮ್ಮ ತಾಲ್ಲೂಕಿನ ಕಲ್ಲನ್ನು ದೇಶವೆಲ್ಲ ತುಳಿದು ನಡೆಯುತ್ತದೆ. ಶಹಾಬಾದಿನಲ್ಲಿ, ಭಂಕೂರಿನಲ್ಲಿ, ನನ್ನ ಇಡೀ ಆಯುಷ್ಯದಲ್ಲಿ ಬೆಳಕು ಹಾಯುವ ಕಲ್ಲನ್ನು ನಾನು ಕಂಡಿಲ್ಲ. ಬೆಳಕು ಹಾಯುವುದು ಗಾಜಿನಲ್ಲಿ. ಕಲ್ಲಿನ ನಾಡಿನಿಂದ ಬಂದವನಿಗೆ ಬ್ಯಾಟರಿ ಬಿಟ್ಟು ಕಲ್ಲು ತೋರಿಸುತ್ತಾನಲ್ಲ, ನಾವು ಅಷ್ಟು ಹೆಡ್ಡರೇ?

ಆಗ ಕೆಳಗಿನ ಹಲಗೆಯಲ್ಲಿ, ಕಪ್ಪುಬಸಿಗಳ ನಡುವೆ, ಇನ್ನೊಂದು ಬಿಳಿಯ ಭರಣಿ ಕಂಡಿತು. ಸುತ್ತ ನೀಲಿ ಹೂಬಳ್ಳಿ, ಮೇಲೆ ಗುಂಡನೆಯ ಮುಚ್ಚಳ. ಬಗ್ಗಿ ಬಡಿದೆ. ಖಣ್ಣ್ ಎಂದಿತು. ಗುಡಿಯ ಗಂಟೆಯ ಹಾಗೆ ಬಹಳ ಹೊತ್ತು ಅಂದಿತು. ಮಾವ ಇದ್ದಿದ್ದರೆ ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಇದು ಕಲ್ಲು" ಎಂದೆ.

"ಭಾಯಿಸಾಬ್, ಇದು ಪಿಂಗಾಣಿ" ಎಂದ ಅವನು. "ಉಪ್ಪಿನಕಾಯಿ ಹಾಕಿಡುವುದು. ಪೂಜೆಗೆ ಎಂದಿರಲ್ಲ, ಅದಕ್ಕೆ ಮೇಲಿನದೇ ಸರಿ."

ನೋಡಿದಿರಾ ಇವರ ಕಸುಬು? ಮೇಲಿನದರ ಬೆಲೆ ಇದರ ಆರು ಪಟ್ಟು. ದುಬಾರಿಯದನ್ನು ದಾಟಿಸಲು ಒಳ್ಳೆಯದನ್ನು ಪಿಂಗಾಣಿ ಎನ್ನುತ್ತಾನೆ. ನಾನು ಸ್ಟೂಲಿನಿಂದ ಎದ್ದೆ. ಅಂಗಡಿಯಲ್ಲಿದ್ದ ಇನ್ನೂ ನಾಲ್ಕು ಗಿರಾಕಿಗಳಿಗೆ ಕೇಳುವ ಹಾಗೆ, ನನ್ನ ಹೌ-ನಕ್ಕೋ ಹಿಂದಿಯಲ್ಲಿ, ಖಣ್ ಎಂದರೇನು, ಬದ್ ಎಂದರೇನು, ಸೀಳು ಹೇಗೆ ಬೀಳುತ್ತದೆ, ಪದರು ಹೇಗೆ ಏಳುತ್ತದೆ, ಎಲ್ಲವನ್ನೂ ಕಾಲು ಗಂಟೆ ವಿವರಿಸಿದೆ. ಆ ಮನುಷ್ಯ ಕನ್ನಡಕ ಒರೆಸಿಕೊಂಡು ಕೇಳಿದ. ಮುಗಿದ ಮೇಲೆ "ಆದರೂ ಇದು ಪಿಂಗಾಣಿ" ಎಂದ. ಸುವರ್ಣಾ ನನ್ನ ಅಂಗಿಯ ತೋಳು ಜಗ್ಗಿದಳು.

"ಏನ್ರಿ, ಅವರೇ ಕಲ್ಲಲ್ಲಂತ ಹೇಳ್ಲಿಕತ್ತಾರ."

"ನೀ ಸುಮ್ಮನಿರು. ಮಾರೋರ ಮಾತು ನಂಬಿದ್ರ ಮತ್ತ ನಮ್ಮ ಪಡಸಾಲಿ ಗತಿನೇ ಆಗ್ತದ."

ಕೊನೆಗೆ ಅವನು ಸೋತು, ಭರಣಿಯನ್ನು ಮೂರು ಪದರು ಪೇಪರಿನಲ್ಲಿ ಸುತ್ತಿಕೊಟ್ಟ. "ಇನ್ನು ಮೇಲೆ ಬಡಿಯಬೇಡಿ, ಒಡೆಯುತ್ತದೆ" ಎಂದೂ ಹೇಳಿದ. ಕಲ್ಲು ಒಡೆಯುತ್ತದಂತೆ. ನಾನು ನಕ್ಕು ಹೊರಬಂದೆ. ದಿಲ್ಲಿಯಲ್ಲಿ ನಾನು ನಕ್ಕಿದ್ದು ಅದೊಂದೇ ಸಲ.

ಗಾಡಿಯಲ್ಲಿ ಆ ಭರಣಿ ಇಡೀ ದಾರಿ ನನ್ನ ತೊಡೆಯ ಮೇಲಿತ್ತು. ವಾಡಿಯಲ್ಲಿ ಇಳಿದ ದಿನ ಗುರುಬಾಯಿ "ಏನ್ ತಂದ್ರಿ?" ಎಂದು ಬಂದರು. ಸ್ವೆಟರನ್ನು ಕೈಯಲ್ಲಿ ಹಿಡಿದು, ಎಳೆ ಜಗ್ಗಿ ನೋಡಿ, "ಇಂಥವು ಸೇಡಂ ಸಂತ್ಯಾಗ ಬಂದಾವ್ರಿ" ಎಂದು ಒಂದು ಮಾತು ಹೇಳಿ ಒಯ್ದರು. ಬೇರೆ ದಿನವಾಗಿದ್ದರೆ ನನಗೆ ಒಂದು ವಾರ ಊಟ ಸೇರುತ್ತಿರಲಿಲ್ಲ. ಅವತ್ತು ನಾನು ಕ್ಷಮಿಸಿದೆ. ನನ್ನ ಕೈಯಲ್ಲಿ ಖಣ್ ಎನ್ನುವ ಭರಣಿ ಇತ್ತು.

ಭಾನುವಾರ ಭಂಕೂರಿಗೆ ಹೋದೆವು. ಮಾವ ಆಗಷ್ಟೇ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವುದರೊಳಗೆ ಪಡಸಾಲೆಗೆ ಬಂದು ಕೂತಿದ್ದರು. ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದರು. ನಾನು ಪೇಪರು ಬಿಚ್ಚಿ ಭರಣಿಯನ್ನು ಮಾವನ ಮುಂದೆ ಇಟ್ಟೆ.

"ಮಾಮಾ, ನಿಮಗಂತ ದಿಲ್ಲಿಯಿಂದ ತಂದೀನಿ. ಮಾರ್ಬಲ್. ಬಡದು ನೋಡ್ರಿ."

ಮಾವ ಬಡಿಯಲಿಲ್ಲ. ಭರಣಿಯನ್ನು ಎತ್ತಿ, ತಲೆಕೆಳಗು ಮಾಡಿ, ತಳದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಎಲ್ಲ ಕಡೆ ನುಣ್ಣಗೆ ಹೊಳೆಯುವ ಭರಣಿ, ತಳದಲ್ಲಿ ಮಾತ್ರ ಹೊಳಪಿಲ್ಲದೆ ಸುಟ್ಟ ಮಣ್ಣಿನ ಹಾಗೆ ಒರಟಾಗಿತ್ತು. ಅಂಚು ಮೊದಲು, ಕೈ ಆಮೇಲೆ, ಬಡಿಯುವುದು ಕೊನೆಗೆ. ಹದಿನಾಲ್ಕು ವರ್ಷದ ಹಿಂದೆ ಬಿಸಿಲಿಗೆ ಆರಿಹೋಗಿದ್ದ ಪಾಠ ಇಡಿಯಾಗಿ ನೆನಪಿಗೆ ಬಂತು. ಅಷ್ಟರಲ್ಲಿ ಅತ್ತೆ ಒಳಗಿನಿಂದ ಕೈ ಒರೆಸುತ್ತ ಬಂದು, ನೋಡಿದವರೇ "ಚೊಲೋ ಅದ್ರಿ ಭರಣಿ. ಮಾವಿನಕಾಯಿ ಉಪ್ಪಿನಕಾಯಿ ತುಂಬಾಕ ಇಂಥಾದೇ ಬೇಕಾಗಿತ್ತು" ಎಂದರು.

ಮಾವ ನನ್ನ ಮುಖ ನೋಡಿದರು. ಪಾಪ, ಅವರಿಗೆ ಕನಿಕರ ಬಂದಿರಬೇಕು. "ದಿಲ್ಲಿ ಮಂದಿ ಮೋಸ ಮಾಡ್ಯಾರ ಬಿಡ್ರಿ ಅಳಿಯಂದ್ರ. ಅಲ್ಲಿ ಎಂಥೆಂಥವರ ತಲಿ ಬೋಳಸ್ತಾರ" ಎಂದರು.

ಅವರು ತೆರೆದ ಆ ಬಾಗಿಲಿನಿಂದ ನಾನು ನುಗ್ಗಿ ಹೊರಬಿದ್ದೆ. ದಿಲ್ಲಿಯವರ ಮೋಸ, ಶಾಲಿನ ಬೆಲೆ, ಪ್ಲಾಸ್ಟಿಕ್ ತಾಜಮಹಲು, ನಮ್ಮ ಭಾಷೆ ಕೇಳಿ ನಗುವ ದುರಹಂಕಾರ, ಒಂದನ್ನೂ ಬಿಡಲಿಲ್ಲ. ಬಿಳಿ ಮೀಸೆಯ ಆ ಮುದುಕನನ್ನಂತೂ ಎಲ್ಲ ಕಳ್ಳರ ಗುರು ಎಂದು ವರ್ಣಿಸಿದೆ. ಹೇಳುತ್ತ ಹೇಳುತ್ತ ನನಗೇ ಅದು ನಿಜ ಅನಿಸತೊಡಗಿತ್ತು. ಮಾವ ತಲೆಯಾಡಿಸುತ್ತಿದ್ದರು. ಇನ್ನು ಎರಡು ನಿಮಿಷ ಸಿಕ್ಕಿದ್ದರೆ ನಾನು ದಡ ಸೇರುತ್ತಿದ್ದೆ.

ಸುವರ್ಣಾ ನೀರಿನ ಚೊಂಬು ತಂದಿಟ್ಟು ಹೇಳಿದಳು: "ಅಪ್ಪಾ, ಆ ಮುದುಕಗ ಬಯ್ಯಬಾರದು. ಇದು ಪಿಂಗಾಣಿ, ಕಲ್ಲಲ್ಲ ಅಂತ ಅಂವ ಹೇಳೇ ಹೇಳಿದ. ಇವರೇ ಕಾಲು ತಾಸು ಅವನ ಜೋಡಿ ಜಗಳಾ ತೆಗದು ತಂದಾರ."

ಒಳಗೆ ಹಂಚಿನ ಮೇಲೆ ಬಿಟ್ಟು ಬಂದಿದ್ದ ರೊಟ್ಟಿ ಸೀಯುವ ವಾಸನೆ ಬಂದು ಅತ್ತೆ ಓಡಿದರು.

"ಬ್ಯಾರೆ ಏನರ ತೋರಿಸಿದ್ನೇನು?" ಮಾವ ಮಗಳನ್ನು ಕೇಳಿದರು.

"ಹೂಂ, ಒಂದು ಬಿಳೀದು ತೋರಿಸಿದ. ಒಳಗ ಬ್ಯಾಟರಿ ಬಿಟ್ಟು ತೋರಿಸಿದ. ಇಡೀದು ದೀಪದ್ಹಂಗ ಬೆಳಗಿತು. ಪೂಜಾಕ್ಕ ಅದೇ ಒಯ್ರಿ ಅಂದ."

ಮಾವ ಕೈಯಲ್ಲಿದ್ದ ಭರಣಿಯನ್ನು ಕೆಳಗಿಟ್ಟರು. ಅವರ ಮುಖದ ಮೇಲೆ, ನಾನು ಇಷ್ಟು ವರ್ಷದಿಂದ ನೋಡಲು ಹಂಬಲಿಸಿದ ಆ ಮೆಚ್ಚಿಗೆ ನಿಧಾನವಾಗಿ ಮೂಡಿತು. ಆದರೆ ಅವರು ನೋಡುತ್ತಿದ್ದುದು ನನ್ನ ಕಡೆಗಲ್ಲ, ಬಾಗಿಲಾಚೆ, ಉತ್ತರದ ದಿಕ್ಕಿಗೆ.

"ಆ ಅಂಗಡ್ಯಾಂವಗ ಕಲ್ಲು ತಿಳೀತದ" ಎಂದರು.

ವಿಭೂತಿ ಈಗಲೂ ತಗಡಿನ ಡಬ್ಬಿಯಲ್ಲೇ ಇದೆ. ನಾವು ಭಂಕೂರಿಗೆ ಹೋದಾಗಲೆಲ್ಲ ಊಟಕ್ಕೆ ಕೂತ ಕೂಡಲೇ ಅತ್ತೆ "ಅಳಿಯಂದ್ರ ಕಲ್ಲಿನ ಭರಣಿ ತಗೊಂಬಾರವಾ" ಎಂದು ಮಗಳಿಗೆ ಕೂಗಿ ಹೇಳುತ್ತಾರೆ. ಉಪ್ಪಿನಕಾಯಿ ಕೆಟ್ಟಿಲ್ಲ, ಒಂದು ಹೋಳೂ ಮೆತ್ತಗಾಗಿಲ್ಲ. ನನ್ನ ಸಿಟ್ಟೂ ಹಾಗೆಯೇ ಇದೆ. ಆ ಮುದುಕ ಮಾಡಿದ್ದು ಅನ್ಯಾಯ ಎಂದು ನಾನು ಇಂದಿಗೂ ವಾದಿಸುತ್ತೇನೆ. ಸುತ್ತಮುತ್ತಲಿನ ನೂರು ಅಂಗಡಿಗಳಲ್ಲಿ ಸುಳ್ಳು ಕೇಳಿ ಕೇಳಿ ಸಜ್ಜಾಗಿ ಬಂದ ಗಿರಾಕಿಗೆ, ಯಾವ ಮುನ್ಸೂಚನೆಯೂ ಇಲ್ಲದೆ ಏಕಾಏಕಿ ನಿಜ ಹೇಳಿಬಿಡುವುದು ಯಾವ ನ್ಯಾಯ? ಈ ನೀಲಿ ಹೂಬಳ್ಳಿಯದು ಅಸಲಿ ಅಮೃತಶಿಲೆ ಎಂದು ಅವನು ತನ್ನ ಮಕ್ಕಳ ಮೇಲೆ ಒಂದೇ ಒಂದು ಆಣೆ ಹಾಕಿದ್ದರೆ ಸಾಕಿತ್ತು, ಪಿಂಗಾಣಿ ಎಂದು ನನಗೆ ಅಲ್ಲೇ ತಿಳಿಯುತ್ತಿತ್ತು.